ಆಸ್ಮಾ ಉಡಿಸಿದ ಪಾಳೆಯಗಾರರು

ಕಳವಾರದ ದಾರಿಯಲ್ಲಿ, ಸ್ಕಂದಗಿರಿ ಹತ್ತಿ ಇಳಿದವರು ಕಾಲು ಚಾಚಿ ಕಾಫಿ ಕುಡಿಯಲೆಂದು ಕಟ್ಟಿರುವ ಒಂದು ರೆಸಾರ್ಟ್ ಇದೆ. ಅದರ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಪಾಳೆಯಗಾರರ ಕಾಲದ ಬೊಂಬೆಗಳನ್ನು ಇಟ್ಟಿದ್ದಾರೆ. ಗೇಣುದ್ದದ ಪಾಳೆಯಗಾರ, ಅವನ ಪಲ್ಲಕ್ಕಿ ಹೊರುವವರು, ಕಹಳೆ ಊದುವವನು, ಚಾಮರ ಬೀಸುವ ಹೆಂಗಸರು, ಈಟಿ ಹಿಡಿದ ಕಾಲಾಳುಗಳು. ನೀವು ಆ ಕಡೆ ಹೋದರೆ ನೋಡಿ, ಬೇಡ ಎನ್ನಲು ನಾನ್ಯಾರು. ಆದರೆ ಗೋಡೆಯ ಮೇಲಿನ ಬೋರ್ಡನ್ನು ಮಾತ್ರ ನಂಬಬೇಡಿ. "ಬೊಂಬೆಗಳ ರಚನೆ: ಶ್ರೀಮತಿ ವರಲಕ್ಷ್ಮಮ್ಮ" ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಕೆಳಗೆ ಸಣ್ಣದಾಗಿ "ಉಡುಪು: ಶಿಡ್ಲಘಟ್ಟದ ರೇಷ್ಮೆ" ಎಂದಿದೆ. ರೇಷ್ಮೆ ತಾನೇ ಬಸ್ಸು ಹತ್ತಿ ಬಂದು, ತನ್ನನ್ನು ತಾನೇ ಕತ್ತರಿಸಿಕೊಂಡು, ಬೊಂಬೆಗಳ ಮೈಮೇಲೆ ಏರಿ ಕೂತಿತು ಅನ್ನುವ ಹಾಗೆ.

ಆ ಬೊಂಬೆಗಳನ್ನು ಮಾಡಿದವಳು ಆಸ್ಮಾ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವ ಅಸದುಲ್ಲಾನ ಹೆಂಡತಿ. ನಾನು ಲಕ್ಷ್ಮಿದೇವಮ್ಮ, ಅದೇ ಬೀದಿಯಲ್ಲಿ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚುವ ಅಂಗಡಿಯವಳು. ನನ್ನ ಬಾಯಿ ಜೋರು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಆಸ್ಮಾಳಿಗೆ ಬಾಯಿಯೇ ಇರಲಿಲ್ಲ, ಇಬ್ಬರಿಗೂ ಸೇರಿ ಒಂದು ಬಾಯಿ ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ.

ಶುರುವಾದದ್ದು ಒಂದು ಇಲಿಯಿಂದ. ವರಲಕ್ಷ್ಮಮ್ಮನವರು ಮಂಡಿಕಲ್ ಕಡೆಯ ಜಮೀನುದಾರರ ಮನೆಯ ಸೊಸೆ. ಚಿಕ್ಕಬಳ್ಳಾಪುರದಲ್ಲಿ ದೊಡ್ಡ ಮನೆ ಕಟ್ಟಿಕೊಂಡು ಪ್ರತಿ ದಸರೆಗೂ ಬೊಂಬೆ ಕೂರಿಸುತ್ತಿದ್ದರು. ಒಂದು ವರ್ಷ ಟ್ರಂಕು ತೆಗೆದು ನೋಡಿದರೆ ಅವರ ಅತ್ತೆಯ ಕಾಲದ ಪಟ್ಟದ ಬೊಂಬೆಗಳು ಬತ್ತಲೆ ಬಿದ್ದಿದ್ದವು. ಬಟ್ಟೆಯನ್ನೆಲ್ಲ ಇಲಿ ಕಚ್ಚಿ ಗೂಡು ಮಾಡಿಕೊಂಡಿತ್ತು. ಅವರ ತವರು ಶಿಡ್ಲಘಟ್ಟವೇ ಆದ್ದರಿಂದ ರವಿಕೆಗಳನ್ನು ನನ್ನ ಹತ್ತಿರವೇ ಹೊಲಿಸುತ್ತಿದ್ದರು, ಹಾಗಾಗಿ ಬೊಂಬೆಗಳೂ ನನ್ನ ಅಂಗಡಿಗೆ ಬಂದವು. ನನ್ನ ಬೆರಳುಗಳು ಅಷ್ಟು ಸಣ್ಣ ಕೆಲಸಕ್ಕೆ ಬಗ್ಗಲಿಲ್ಲ. ಒಂದು ತೋಳು ಹೊಲಿಯುವಷ್ಟರಲ್ಲಿ ತಲೆ ಕೆಟ್ಟು, ಸೂಜಿ ಬಿಸಾಡಿದೆ. ಮಧ್ಯಾಹ್ನ ಮಾತಾಡಲೆಂದು ಬಂದು ಕೂತಿದ್ದ ಆಸ್ಮಾ ಅದನ್ನು ಎತ್ತಿಕೊಂಡಳು. ಸಂಜೆಯ ಹೊತ್ತಿಗೆ ರಾಜನಿಗೆ ಅಂಗಿ, ರಾಣಿಗೆ ಕುಪ್ಪಸ ಸಿದ್ಧವಾಗಿದ್ದವು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದೇ ಮೊದಲು ನೋಡಿದ್ದು.

ಮುಂದಿನ ವರ್ಷ ಅವಳಿಗೆ ಮರದ ಬೊಂಬೆಗಳು ಸಾಲದಾದವು. "ಇವು ಕಂಬ ನಿಂತಂಗೆ ನಿಂತಿರ್ತವೆ ಅಕ್ಕ. ಮೈ ಬಗ್ಗದಿದ್ರೆ ಬಟ್ಟೆ ಹೆಂಗೆ ಬಗ್ಗುತ್ತೆ" ಎಂದಳು. ತಾನೇ ಮೈ ಮಾಡತೊಡಗಿದಳು. ತಾಮ್ರದ ತಂತಿ ಬಗ್ಗಿಸಿ ಎಲುಬು ಮಾಡಿ, ಗಂಡನ ಕಾರ್ಖಾನೆಯಲ್ಲಿ ಉಳಿಯುವ ಕಸರು ನೂಲನ್ನು ಅದಕ್ಕೆ ಸುತ್ತಿ ಸುತ್ತಿ ತೊಡೆ, ತೋಳು, ಹೊಟ್ಟೆ ಬರಿಸುತ್ತಿದ್ದಳು. ತಲೆಗೆ ಕಾಗದದ ಹಿಟ್ಟು, ಹುಣಸೆಬೀಜದ ಅಂಟು. ಪಲ್ಲಕ್ಕಿ ಹೊರುವವನ ಒಂದು ಹೆಗಲು ಕೆಳಗೆ ಇಳಿದಿರುತ್ತಿತ್ತು. ಹೊಸದಾಗಿ ಸೇರಿದ ಕಾಲಾಳು ಈಟಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರುತ್ತಿದ್ದ. ಅವನು ಹೊಸಬ ಎಂದು ಯಾರೂ ಹೇಳಬೇಕಾಗಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು.

ಉಡುಪಿನ ವಿಷಯಕ್ಕೆ ಬಂದರಂತೂ ಅವಳದು ಹುಚ್ಚು. ಕೆರೆಯ ಏರಿಯ ಮೇಲೆ ಬಿದ್ದಿರುವ ವೀರಗಲ್ಲುಗಳನ್ನು ನೋಡಲು ನನ್ನನ್ನು ಬಿಸಿಲಲ್ಲಿ ಊರೂರು ಅಲೆಸಿದಳು. ನಾನು ಬೇವಿನ ಮರದಡಿ ಕೂತು ಬೈಯುತ್ತಿದ್ದೆ, ಅವಳು ಕಲ್ಲಿನ ಮುಂದೆ ಮೊಣಕಾಲೂರಿ ಆ ಸತ್ತ ಸಿಪಾಯಿ ನಡುವಿಗೆ ದಟ್ಟಿಯನ್ನು ಯಾವ ಕಡೆಯಿಂದ ಸುತ್ತಿದ್ದಾನೆ ಎಂದು ಬೆರಳಾಡಿಸುತ್ತಿದ್ದಳು. ರುಮಾಲು ಕಟ್ಟುವುದನ್ನು ಗೌರಿಬಿದನೂರಿನ ಕಡೆಯ ಆವುಲಪ್ಪ ಅನ್ನುವ ಮುದುಕರಿಂದ ಕಲಿತಳು. ಮದುವೆಗಳಲ್ಲಿ ಗಂಡಿನ ಕಡೆಯವರಿಗೆ ರುಮಾಲು ಸುತ್ತುವುದೇ ಅವರ ಕಸುಬು. ಇವಳು ತನ್ನ ಹೆಬ್ಬೆರಳು ಚಾಚಿ, "ಇದರ ಮೇಲೆ ಕಟ್ಟಿ ತೋರಿಸಿ ತಾತ" ಎಂದಾಗ ಅವರು ಬಹಳ ಹೊತ್ತು ನಕ್ಕರು. ಆಮೇಲೆ ರಿಬ್ಬನ್ನಿನಷ್ಟು ಅಗಲದ ಪಟ್ಟಿ ತೆಗೆದುಕೊಂಡು, "ಇಟ್ಲಾ ಒಂದು ಸುತ್ತು, ಇಟ್ಲಾ ತಿರುವು, ಅಂತೇನಮ್ಮ" ಎಂದು ತೆಲುಗು ಬೆರೆಸಿ ಹೇಳುತ್ತ ಅವಳ ಹೆಬ್ಬೆರಳಿಗೆ ರುಮಾಲು ಕಟ್ಟಿಯೇಬಿಟ್ಟರು. ಅವಳು ಬಸ್ಸಿನಲ್ಲಿ ಊರಿನವರೆಗೂ ಅದನ್ನು ಬಿಚ್ಚಲಿಲ್ಲ. ಕಂಡಕ್ಟರು ಗಾಯವೇನಮ್ಮ ಎಂದು ಕೇಳಿದ.

ಬಟ್ಟೆ ಚಿಕ್ಕದಾದಷ್ಟೂ ಹಟ ಜಾಸ್ತಿ. ದೊಡ್ಡ ಮೈಮೇಲೆ ಇಳಿಬೀಳುವ ರೇಷ್ಮೆ ಚಿಕ್ಕ ಮೈಮೇಲೆ ಕೊಡೆ ಬಿಚ್ಚಿದ ಹಾಗೆ ನಿಂತುಬಿಡುತ್ತದೆ, ತನ್ನ ಭಾರ ತನಗೆ ಸಾಲುವುದಿಲ್ಲ. ಅದಕ್ಕೆ ಅವಳು ಉಟ್ಟು ಉಟ್ಟು ಸವೆದ ಸೀರೆಗಳನ್ನೇ ಹುಡುಕುತ್ತಿದ್ದಳು. ಅದೂ ಸಾಲದಿದ್ದರೆ ಅಂಗಿಯ ಅಂಚು ಮಡಿಸುವಾಗ ಒಳಗೆ ಹುರಿದ ರಾಗಿಕಾಳುಗಳನ್ನು ಸಾಲಾಗಿ ಇಟ್ಟು ಹೊಲಿಯುತ್ತಿದ್ದಳು. ಆ ಭಾರಕ್ಕೆ ಅಂಗಿ ತೆಪ್ಪಗೆ ಕೆಳಗಿಳಿಯುತ್ತಿತ್ತು. ಈಗ ಕಳವಾರದಲ್ಲಿ ಗಾಜಿನ ಹಿಂದೆ ಗತ್ತಿನಿಂದ ನಿಂತಿರುವ ಆ ಪಾಳೆಯಗಾರನ ಗತ್ತೆಲ್ಲ ನಮ್ಮ ಅಡುಗೆಮನೆಯ ರಾಗಿಯದು.

ಇಷ್ಟೆಲ್ಲ ಮಾಡಿ ಮುಖವನ್ನು ಮಾತ್ರ ಅವಳು ಬರೆಯುತ್ತಿರಲಿಲ್ಲ. ಮೂಗಿಲ್ಲ, ಬಾಯಿಲ್ಲ, ಕಣ್ಣಿಲ್ಲ. ಮೊಟ್ಟೆಯ ಹಾಗೆ ನುಣ್ಣಗೆ ಉಜ್ಜಿ ಬಿಟ್ಟುಬಿಡುತ್ತಿದ್ದಳು. ಚಿಕ್ಕವಳಿದ್ದಾಗ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಹುಡುಗಿಯ ಮುಖ ಬರೆದಿದ್ದಳಂತೆ. ಅವಳ ಅಬ್ಬಾ ಹೊಡೆಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು, "ಕಣ್ಣಿಟ್ಟರೆ ನಾಳೆ ಅದು ಜೀವ ಕೇಳುತ್ತಮ್ಮ. ಕೊಡೋಕೆ ನಮ್ಮ ಹತ್ರ ಎಲ್ಲಿದೆ" ಎಂದಿದ್ದರಂತೆ. ಆ ಮಾತು ಅವಳಲ್ಲಿ ಇಳಿದುಬಿಟ್ಟಿತ್ತು. ಯಾರ ಭಯಕ್ಕೂ ಅಲ್ಲ, ಅದು ಅವಳದೇ ಮಾತಾಗಿತ್ತು. ಜೀವವಿರುವುದರ ಆಕಾರ ಮಾಡುವುದು ನಮ್ಮಲ್ಲಿ ತಪ್ಪಲ್ಲವೇ ಎಂದು ಅವಳ ಕಡೆಯ ಹೆಂಗಸರು ಯಾರಾದರೂ ಹುಬ್ಬೇರಿಸಿದರೆ ಅವಳ ಹತ್ತಿರ ಸಿದ್ಧ ಉತ್ತರವಿತ್ತು: "ನಾನು ಬೊಂಬೆ ಮಾಡಲ್ಲ, ಬಟ್ಟೆ ಹೊಲೀತೀನಿ." ಅಸದುಲ್ಲಾನೂ ನೆಂಟರ ಮುಂದೆ ಅದನ್ನೇ ಹೇಳುತ್ತಿದ್ದ. ವರಲಕ್ಷ್ಮಮ್ಮನವರ ಮುಂದೆಯೂ ಅವಳು ಅದನ್ನೇ ಹೇಳುತ್ತಿದ್ದಳು.

ಅವರಿಗೆ ಅದು ಬಹಳ ಅನುಕೂಲವಾಯಿತು. ಅವರ ಮನೆಯಲ್ಲೊಂದು ಪದ್ಧತಿ. ಹೊಸ ಬೊಂಬೆಗೆ ಮಹಾಲಯ ಅಮಾವಾಸ್ಯೆಯ ದಿನ ಮನೆಯ ಹಿರಿಯ ಹೆಂಗಸು ತಲೆಗೆ ನೀರು ಹಾಕಿಕೊಂಡು ಬಂದು ಕಣ್ಣು ಬರೆಯಬೇಕು. ಅಲ್ಲಿಯವರೆಗೆ ಅದನ್ನು ಬೊಂಬೆ ಎಂದು ಕರೆಯುವಂತಿಲ್ಲ, ಸಾಮಾನು ಅನ್ನಬೇಕು. ವರಲಕ್ಷ್ಮಮ್ಮನವರು ಮುಖ ಚೆನ್ನಾಗಿ ಬರೆಯುತ್ತಿದ್ದರು, ಸುಳ್ಳು ಹೇಳಬಾರದು. ಇವಳು ಬರೆಯುವಂತಿಲ್ಲ, ಅವರು ಬರೆಯಲೇಬೇಕು. ವರ್ಷಾನುಗಟ್ಟಲೆ ಇಬ್ಬರ ನಡುವೆ ಒಂದು ಮಾತು ಹೆಚ್ಚುಕಮ್ಮಿ ಆಗಲಿಲ್ಲ. ದಸರೆಗೆ ನಾವಿಬ್ಬರೂ ಹೋದರೆ ಆಸ್ಮಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೋಸಂಬರಿ ಕೊಡುತ್ತಿದ್ದರು. ನನಗೂ ಅವರ ಮೇಲೆ ಗೌರವವಿತ್ತು, ಆಗ.

ಆಮೇಲೆ ಅವರ ಮಗ ರಮೇಶ್‌ಬಾಬು ಕಳವಾರದ ಹತ್ತಿರ ರೆಸಾರ್ಟ್ ಕಟ್ಟಿಸಿದ. ಬೆಟ್ಟ ನೋಡಲು ಬರುವವರಿಗೆ ಈ ಸೀಮೆಯ ಇತಿಹಾಸವನ್ನೂ ತೋರಿಸಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ತಾಯಿಯ ಬೊಂಬೆಗಳೆಲ್ಲ ಅಲ್ಲಿಗೆ ಹೋದವು, ಸಾಲದ್ದಕ್ಕೆ ಒಂದು ಇಡೀ ದರ್ಬಾರನ್ನು ಮಾಡಿಕೊಡಲು ಆಸ್ಮಾಳಿಗೆ ಹೇಳಿದರು. ಎರಡು ಮಳೆಗಾಲ ಅವಳು ಅದರಲ್ಲೇ ಮುಳುಗಿಹೋದಳು. ಉದ್ಘಾಟನೆಯ ದಿನ ಒಳ್ಳೆಯ ಸೀರೆಯುಟ್ಟು, ಮೇಲೆ ಬುರ್ಖಾ ಹಾಕಿಕೊಂಡು ನನ್ನ ಜೊತೆ ಬಂದಳು. ಭಾಷಣಗಳಾದವು, ಶಾಲು ಹೊದಿಸಿದ್ದಾಯಿತು, ವರಲಕ್ಷ್ಮಮ್ಮನವರಿಗೆ. ಆಮೇಲೆ ಬೋರ್ಡಿನ ಮೇಲಿನ ಪರದೆ ಸರಿಸಿದರು. ಆಸ್ಮಾ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಊಟಕ್ಕೆ ನಿಲ್ಲದೆ ಹೊರಟು ಬಂದೆವು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆಸ್ಮಾ ಮಾತ್ರ ಊರು ಹತ್ತಿರ ಬಂದ ಮೇಲೆ ಬಾಯಿಬಿಟ್ಟಳು. "ನನಗೆ ಹೆಸರು ಬೇಕು ಅಂತ ಇವತ್ತೇ ಗೊತ್ತಾಗಿದ್ದು ಅಕ್ಕ. ಅಲ್ಲಿ ಇಲ್ಲ ಅಂತ ನೋಡಿದ ಮೇಲೆ."

ಅಸದುಲ್ಲಾ ಕೆಟ್ಟವನಲ್ಲ. ಹೆದರುವ ಸ್ವಭಾವದವನು, ಅಷ್ಟೇ. ಮನೆಗೆ ಹೋಗಿ ಬೋರ್ಡಿನ ವಿಷಯ ತಿಳಿಸಿದಾಗ, ನಾನಿದ್ದೇನೆಂದು ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದ: "ಇಷ್ಟು ದಿನ ಎಲ್ಲರ ಹತ್ರ ಬಟ್ಟೆ ಹೊಲೀತಾಳೆ ಅಂತ ಹೇಳಿದ್ದೀವಿ. ಈಗ ಬೊಂಬೆ ಮಾಡಿದೋಳು ಅಂತ ಬೋರ್ಡಲ್ಲಿ ಬಂದ್ರೆ ನಾನು ಏನಂತ ಹೇಳ್ಲಿ? ಬಿಟ್ಟಾಕು."

"ನಾನು ಕಣ್ಣು ಬರೆದಿಲ್ಲ. ಅಲ್ಲಾಹನ ಮುಂದೆ ಅಷ್ಟು ಸಾಕು ನನಗೆ. ಜನದ ಮುಂದೆ ಯಾಕೆ ಸಾಲಲ್ಲ?" ಎಂದಳು ಆಸ್ಮಾ. ಗಂಡನಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ತಲೆ ಕೆರೆದುಕೊಂಡು, "ಹೋಗಿ ಕೇಳು ಹಂಗಾದ್ರೆ" ಎಂದ.

ಕೇಳಲು ಚಿಕ್ಕಬಳ್ಳಾಪುರಕ್ಕೆ ಹೋದೆವು. ವರಲಕ್ಷ್ಮಮ್ಮನವರು ಕಾಫಿ ಕೊಟ್ಟು ಎದುರಿಗೆ ಕೂತರು. ಆಸ್ಮಾ ಲೋಟವನ್ನು ಮುಟ್ಟದೆ, "ಅಮ್ಮ, ಬೋರ್ಡಲ್ಲಿ ನನ್ನ ಹೆಸರಿಲ್ಲ" ಎಂದಳು.

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅದೇ ನನ್ನ ಮೈ ಉರಿಸಿದ್ದು. ಕಳ್ಳರಾಗಿದ್ದರೆ ಕತ್ತಿನ ಪಟ್ಟಿ ಹಿಡಿಯಬಹುದಿತ್ತು. "ಯಾಕಮ್ಮ? ಬೊಂಬೆ ಮಾಡಿದೋರ ಹೆಸರು ತಾನೆ ಹಾಕೋದು" ಎಂದರು.

"ಮಾಡಿದ್ದು ನಾನಲ್ವಾ ಅಮ್ಮ."

"ನೀನು ಕೊಡ್ತಿದ್ದಿದ್ದು ಸಾಮಾನು ಕಣಮ್ಮ. ಚೆನ್ನಾಗೇ ಕೊಡ್ತಿದ್ದೆ, ಇಲ್ಲ ಅನ್ನಲ್ಲ. ಬೊಂಬೆ ಆಗಿದ್ದು ನಾನು ಕಣ್ಣು ಬರೆದ ಮೇಲೆ. ನಮ್ಮತ್ತೆ ಕಾಲದಿಂದ ಹಂಗೇ ನಡ್ಕೊಂಡು ಬಂದಿರೋದು. ಅಷ್ಟಕ್ಕೂ ನೀನೇ ಹೇಳ್ತಿದ್ಯಲ್ಲ, ನಾನು ಬೊಂಬೆ ಮಾಡಲ್ಲ, ಬಟ್ಟೆ ಹೊಲೀತೀನಿ ಅಂತ. ನಿಮ್ಮೋರಲ್ಲಿ ತಪ್ಪಾಗುತ್ತೇನೋ ಅಂತ ನಾನೇ ನಿನ್ನ ಹೆಸರು ಬೇಡ ಅಂದೆ."

ಆಸ್ಮಾ ತನ್ನನ್ನು ಕಾಪಾಡಿಕೊಳ್ಳಲು ಹೇಳುತ್ತಿದ್ದ ಮಾತನ್ನು ಅವರು ಅವಳ ಮಡಿಲಿಗೇ ವಾಪಸು ಹಾಕಿದ್ದರು. ನಾನು ಬಾಯಿ ತೆಗೆದೆ. ಆ ತಂತಿ ಬಗ್ಗಿಸಿದ್ದು ಯಾರು, ರುಮಾಲು ಸುತ್ತಿದ್ದು ಯಾರು, ನೀವು ಒಂದು ಗುಂಡಿ ಹೊಲಿದಿದ್ದೀರಾ ಎಂದೆಲ್ಲ ಕೇಳಿದೆ. ಅಷ್ಟರಲ್ಲಿ ರಮೇಶ್‌ಬಾಬು ಒಳಗಿನಿಂದ ಬಂದ. ಬೆಣ್ಣೆಯಂಥ ಮಾತು ಅವನದು. "ಜಗಳ ಏನಕ್ಕೆ ಅಕ್ಕ. ರಾಜ್ಯೋತ್ಸವದ ದಿನ ರೆಸಾರ್ಟಲ್ಲಿ ಒಂದು ಡೆಮೋ ಇಡೋಣ. ಆಸ್ಮಮ್ಮ ಜನದ ಮುಂದೆ ಕೂತು ಮಾಡಿ ತೋರಿಸ್ಲಿ. ನೋಡಿದೋರು ಇವರೇ ಮಾಡಿದ್ದು ಅಂದ್ರೆ ಬೋರ್ಡು ಬದಲಾಯಿಸ್ತೀನಿ" ಎಂದ.

ಆಸ್ಮಾ ಕೂಡಲೇ ಒಪ್ಪಿದಳು. ತನ್ನ ಕೈಗಳನ್ನು ಜನ ಒಂದು ಸಲ ನೋಡಿಬಿಟ್ಟರೆ ಸಾಕು, ಮತ್ತೆ ಹೇಳಬೇಕಾದ್ದೇನೂ ಇರುವುದಿಲ್ಲ ಎಂದು ಅವಳ ನಂಬಿಕೆ. ಆ ದಿನಕ್ಕೆಂದು ಮನೆಯಲ್ಲೇ ಒಬ್ಬ ಕಾಲಾಳಿನ ಮೈಯನ್ನು ಸಿದ್ಧ ಮಾಡಿಟ್ಟುಕೊಂಡಳು. ಬಟ್ಟೆ, ಸೂಜಿ, ರಾಗಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿಕೊಂಡಳು. ಮದುವೆಗೆ ಹೊರಟವಳ ಸಡಗರ.

ರಾಜ್ಯೋತ್ಸವದ ದಿನ ಹಾಲ್‌ನ ನಡುವೆ ಮೇಜು ಹಾಕಿದ್ದರು. ಸುತ್ತ ಬಾವುಟಗಳು. ಬೆಟ್ಟ ಇಳಿದು ಬಂದವರು ಚಡ್ಡಿ, ಬೂಟುಗಳಲ್ಲೇ ನಿಂತು ನೋಡಿದರು. ಆಸ್ಮಾ ಚಲ್ಲಣ ತೊಡಿಸಿದಳು, ಅಂಗಿಯ ಅಂಚಿಗೆ ರಾಗಿ ಇಟ್ಟು ಹೊಲಿದಳು. ನಿಧಾನದ ಕೆಲಸ ಅದು. ನೋಡುವವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಎರಡು ಫೋಟೋ ಹೊಡೆದುಕೊಂಡು ಒಬ್ಬೊಬ್ಬರೇ ಇಡ್ಲಿಯ ಕಡೆ ಹೋದರು. ನಾನು ದುರುಗುಟ್ಟಿ ನೋಡಿದೆ, ಅದಕ್ಕೆಲ್ಲ ಅವರು ನಿಲ್ಲುವವರೇ? ರುಮಾಲು ಸುತ್ತುವ ಹೊತ್ತಿಗೆ ಮತ್ತೆ ಸ್ವಲ್ಪ ಜನ ಸೇರಿದರು. ಒಬ್ಬಳು ಹುಡುಗಿ, "ಮೇಡಂ, ಫೇಸ್ ಯಾವಾಗ ಬರುತ್ತೆ?" ಎಂದು ಕೇಳಿದಳು.

ಆಸ್ಮಾ ಉತ್ತರ ಹೇಳುವ ಮೊದಲೇ ರಮೇಶ್‌ಬಾಬು ಮೈಕ್ ಎತ್ತಿಕೊಂಡ. "ಈಗ ಬರುತ್ತೆ. ಪೂರ್ತಿ ಬೊಂಬೆನ ನಾನೇ ಮಾಡೋದು ಅಂತ ಹೇಳಿದ್ದಾರೆ ಇವರು. ಮುಖಾನೂ ಇವರೇ ಬರೀತಾರೆ" ಎಂದು ಬಣ್ಣದ ಬಟ್ಟಲು, ಕುಂಚಗಳನ್ನು ಅವಳ ಮುಂದೆ ಇಟ್ಟ. ಬೇಕೆಂದೇ ಮಾಡಿದನೋ, ಜನ ಚದುರಬಾರದೆಂದು ಮಾಡಿದನೋ, ದೇವರಿಗೇ ಗೊತ್ತು. ಬೇಕೆಂದೇ ಮಾಡಿದ ಎಂದು ನಾನು ಹೇಳುತ್ತೇನೆ.

"ಬೇಡ ಕಣೇ" ಎಂದೆ ನಾನು ಅವಳ ಕಿವಿಯಲ್ಲಿ. "ಎದ್ದು ಬಾ, ಹೋಗಣ."

ಅವಳು ಎದ್ದರೂ ಏಳುತ್ತಿದ್ದಳೇನೋ. ಅಷ್ಟರಲ್ಲಿ ವರಲಕ್ಷ್ಮಮ್ಮನವರು ಮಗನಿಗೆ, "ಬಿಡೋ, ಪಾಪ, ಅವಳಿಗೆಲ್ಲಿ ಬರುತ್ತೆ ಅದು" ಎಂದರು. ಅಕ್ಕರೆಯಿಂದಲೇ ಅಂದರು. ಆಸ್ಮಾ ಅದನ್ನು ಕೇಳಿಸಿಕೊಂಡಳು. ಅವಳ ಮುಖದಲ್ಲಿ ರಕ್ತ ಏರಿದ್ದನ್ನು ನಾನು ಕಂಡೆ. ಅವಳು ಕುಂಚ ತೆಗೆದುಕೊಂಡಳು.

ತುಟಿ ಅಲ್ಲಾಡಿಸುತ್ತ ಏನನ್ನೋ ಹೇಳಿಕೊಂಡಳು. ಆಮೇಲೆ ಕಪ್ಪಿನಲ್ಲಿ ಅದ್ದಿ, ಇದ್ದಿಲಿನ ಆ ದಿನದ ನಂತರ ಮೊಟ್ಟಮೊದಲ ಸಲ, ಒಂದು ಕಣ್ಣು ಬರೆದಳು. ಕೂದಲಿನಷ್ಟು ಸಣ್ಣ ದಾರವನ್ನು ಒಂದೇ ಸಲಕ್ಕೆ ಪೋಣಿಸುವ ಕೈ ಅದು. ಆದರೂ ಕಣ್ಣು ಕೆನ್ನೆಯ ಕಡೆ ಜಾರಿತು. ಅದನ್ನು ಸರಿಮಾಡಲು ಇನ್ನೊಂದನ್ನು ದೊಡ್ಡದಾಗಿ ಬರೆದಳು, ಅದು ಹಣೆಗೆ ಏರಿತು. ಬಾಯಿ ಬರೆಯಲು ಹೋಗಿ ಕುಂಚವನ್ನು ಕೆಳಗಿಟ್ಟಳು. ಅಷ್ಟು ಗತ್ತಿನ ರುಮಾಲಿನ ಕೆಳಗೆ, ಅಷ್ಟು ಹದವಾಗಿ ಕಟ್ಟಿದ ದಟ್ಟಿಯ ಮೇಲೆ, ಅಂಗನವಾಡಿಯ ಮಗು ಗೀಚಿದಂಥ ಮುಖ. ಯಾರದೋ ಮಗು, "ಅಂಕಲ್‌ಗೆ ಮಾಲುಗಣ್ಣು" ಎಂದಿತು. ಜನ ನಕ್ಕರು. ಕೆಟ್ಟ ನಗುವೇನಲ್ಲ, ಬೆಟ್ಟ ಹತ್ತಿ ಬಂದವರ ಖುಷಿಯ ನಗು.

ವರಲಕ್ಷ್ಮಮ್ಮನವರು ಬಂದು ಅವಳ ಬೆನ್ನು ಸವರಿದರು. "ಪರವಾಗಿಲ್ಲ ಬಿಡಮ್ಮ, ಎಲ್ಲಾರಿಗೂ ಬರೋ ಕೆಲಸ ಅಲ್ಲ ಇದು" ಎನ್ನುತ್ತ ಹತ್ತಿಯನ್ನು ಒದ್ದೆ ಮಾಡಿ ಆ ಕಣ್ಣುಗಳನ್ನು ಒರೆಸಿದರು. ಅಮಾವಾಸ್ಯೆಯ ಮಾತೆತ್ತದೆ ಕುರ್ಚಿ ಎಳೆದುಕೊಂಡು ಕೂತು ಹುಬ್ಬು ಎಳೆದರು, ಕಣ್ಣು ಬಿಡಿಸಿದರು, ಮೀಸೆ ತಿರುವಿದರು. ಕಾಲಾಳು ನಮ್ಮನ್ನೆಲ್ಲ ನೋಡಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದಿನಲ್ಲಿ ಆಸ್ಮಾ ತನ್ನ ಡಬ್ಬಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು.

ಬೋರ್ಡು ಬದಲಾಗುವ ಮಾತೇ ಇರಲಿಲ್ಲ. ನಾವು ಕೇಳಲೂ ಇಲ್ಲ. ರೆಸಾರ್ಟಿನವರು ವಿಡಿಯೋ ಮಾಡಿ ಹಾಕಿದ್ದರು, ನಾವು ಊರು ಮುಟ್ಟುವಷ್ಟರಲ್ಲಿ ಅದು ಶಿಡ್ಲಘಟ್ಟದ ಫೋನುಗಳಿಗೆ ಬಂದಿತ್ತು. ಅಸದುಲ್ಲಾ ಬಾಗಿಲಲ್ಲೇ ನಿಂತಿದ್ದ. "ಬರೆದ್ಯಾ?" ಎಂದು ಕೇಳಿದ. "ಬರೆದೆ" ಎಂದಳು. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಟೋಪಿ ಹಾಕಿಕೊಂಡು ಮಸೀದಿಯ ಕಡೆ ಹೊರಟ. ಬೈದಿದ್ದರೆ ನಾನು ಅವನ ಮೇಲೆ ಎಗರಿಬೀಳಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ ಪುಣ್ಯಾತ್ಮ.

ತಂತಿ, ಅಂಟು, ಸಣ್ಣ ಕತ್ತರಿಗಳನ್ನೆಲ್ಲ ಅವಳೇ ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಕಣ್ಣು ಬರೆದಿಲ್ಲ ಅನ್ನೋದೊಂದಿತ್ತು ಅಕ್ಕ ನನ್ನ ಹತ್ರ. ಅದನ್ನ ಕೊಟ್ಟು ಹೆಸರು ತರೋಣ ಅಂತ ಹೋದೆ. ಎರಡೂ ಅಲ್ಲೇ ಬಿಟ್ಟು ಬಂದೆ" ಎಂದಳು. ಈಗ ನನ್ನ ಅಂಗಡಿಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಮರುವರ್ಷದ ದಸರೆಗೆ ಮುಂಚೆ ವರಲಕ್ಷ್ಮಮ್ಮನವರ ಮನೆಯಿಂದ ಕರೆ ಬಂತು, ಒಂದು ಆನೆಯ ಅಂಬಾರಿಗೆ ಬಟ್ಟೆ ಬೇಕಂತೆ. ಫೋನು ಎತ್ತಿದ್ದು ನಾನು. ಏನು ಹೇಳಿದೆ ಎಂದು ಬರೆಯುವುದು ಬೇಡ.

ಇಷ್ಟಾದರೂ ನನಗೆ ಸಮಾಧಾನವೊಂದಿತ್ತು. ಲೋಕ ಏನೇ ಹೇಳಲಿ, ಮಾಡಿದವಳಿಗೆ ಗೊತ್ತಲ್ಲ ಎಂದುಕೊಂಡಿದ್ದೆ. ಅದನ್ನೇ ಅವಳಿಗೂ ಹೇಳುತ್ತಿದ್ದೆ. ಮೊನ್ನೆ ಹಾಗೆ ಹೇಳಿದಾಗ ಅವಳು ಹೊಲಿಗೆ ನಿಲ್ಲಿಸಿದಳು.

"ಒಂದು ಮಾತು ಹೇಳ್ತೀನಿ, ಬೈಬೇಡಿ ಅಕ್ಕ" ಎಂದಳು. "ಅವತ್ತು ಅಮ್ಮಾವ್ರು ನಾನು ಬರೆದಿದ್ದನ್ನ ಒರೆಸಿ, ಅವರು ಬರೆದ್ರಲ್ಲ. ಆ ಕಾಲಾಳು ನನ್ನನ್ನ ನೋಡ್ದ. ಆವಾಗ ನನಗೂ ಅನ್ನಿಸ್ತು, ಈಗ ಬೊಂಬೆ ಆಯ್ತು ಅಂತ. ಅವರು ಹೇಳಿದ್ದು ಸರಿನೇ ಏನೋ ಅಕ್ಕ."

ನನಗೆ ಬಂದ ಸಿಟ್ಟಿಗೆ ಅವಳ ತೊಡೆಯ ಮೇಲಿದ್ದ ಸೀರೆಯನ್ನು ಕಿತ್ತು ಮೂಲೆಗೆ ಎಸೆದೆ. ಬೋರ್ಡಿನಲ್ಲಿ ಹೆಸರು ನುಂಗಿದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ಇದನ್ನು ಮಾತ್ರ ಆ ವರಲಕ್ಷ್ಮಮ್ಮನಿಗೆ ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ. ಆಸ್ಮಾ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಎದ್ದು ಹೋಗಿ ಸೀರೆಯನ್ನು ಎತ್ತಿ, ಧೂಳು ಕೊಡವಿ, ಬಿಟ್ಟಿದ್ದ ಕಡೆಯಿಂದ ಮತ್ತೆ ಹೊಲಿಯತೊಡಗಿದಳು.